ಐಸ್‌ಲ್ಯಾಂಡಿಗೆ ಒಂದು ಅಪ್ರದಕ್ಷಿಣೆ

"ಈಗ ನಮ್ಮ ಚಕ್ರದ ಕೆಳಗಿರೋ ನೆಲಕ್ಕೆ ವಯಸ್ಸೆಷ್ಟು, ಹೇಳಿ ನೋಡೋಣ?"

ನಮ್ಮ ಗೈಡ್ ದಿನಕ್ಕೆ ಮೂರ್ನಾಲ್ಕು ಸಲವಾದರೂ ಮೈಕ್ ಹಿಡಿದು ಇದನ್ನು ಕೇಳುತ್ತಿದ್ದರು. ಮಿನಿಬಸ್ಸಿನಲ್ಲಿ ನಾವು ಹದಿನಾರು ಜನ. ಮೊದಲ ದಿನ ನಾನು ಧೈರ್ಯ ಮಾಡಿ "ನೂರು ಕೋಟಿ ವರ್ಷ" ಅಂದೆ. ಬೆಂಗಳೂರಿನವನಿಗೆ ಬಂಡೆ ಅಂದರೆ ಲಾಲ್‌ಬಾಗ್ ಬಂಡೆಯೇ ಕಣ್ಣಿಗೆ ಬರುವುದು. ಅದಕ್ಕೆ ಸುಮಾರು 300 ಕೋಟಿ ವರ್ಷ. ಅದರಲ್ಲಿ ಸಾಕಷ್ಟು ರಿಯಾಯಿತಿ ಕೊಟ್ಟೇ ಹೇಳಿದ್ದೆ. ಗೈಡ್ ನಕ್ಕುಬಿಟ್ಟರು. ಐಸ್‌ಲ್ಯಾಂಡಿನ ಅತಿ ಹಳೆಯ ಕಲ್ಲಿಗೇ ಹೆಚ್ಚೆಂದರೆ 1.6 ಕೋಟಿ ವರ್ಷ. ನಾವು ನಿಂತಿದ್ದ ಲಾವಾ ಬಯಲಿಗೆ ಬರೀ ಹತ್ತು ಸಾವಿರ ವರ್ಷ ಅಷ್ಟೇ.

ಈ ದ್ವೀಪವನ್ನು ಸುತ್ತಿಬರಲು ಒಂದೇ ಹೆದ್ದಾರಿ ಸಾಕು. ಹೆಸರು ರಿಂಗ್ ರೋಡ್, ನಂಬರ್ 1, ಉದ್ದ ಸುಮಾರು 1,320 ಕಿಲೋಮೀಟರ್. ಊರು ದಾಟಿದರೆ ಎರಡೇ ಲೇನ್, ಕೆಲವು ಸೇತುವೆಗಳ ಮೇಲಂತೂ ಒಂದೇ ಲೇನ್. ರಾಜಧಾನಿ ರೇಕ್ಯಾವಿಕ್‌ನಿಂದ ಹೊರಟು ದಕ್ಷಿಣದ ಕರಾವಳಿ ಹಿಡಿದು ಪೂರ್ವಕ್ಕೆ, ಅಲ್ಲಿಂದ ಉತ್ತರಕ್ಕೆ, ಕೊನೆಗೆ ಪಶ್ಚಿಮಕ್ಕೆ. ಅಂದರೆ ದ್ವೀಪವನ್ನು ಎಡಕ್ಕೆ ಬಿಟ್ಟುಕೊಂಡು, ಅಪ್ರದಕ್ಷಿಣೆ. ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಅಷ್ಟು ಸರಿಬರಲಿಲ್ಲ.

ಮೊದಲ ನಿಲ್ದಾಣ ಥಿಂಗ್‌ವೆಟ್ಲಿರ್. ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನವರು ಬಯಲಿನಲ್ಲಿ ಸೇರಿ ಸಂಸತ್ತು ನಡೆಸಲು ಶುರುಮಾಡಿದ ಜಾಗ. ಎರಡು ಕಡೆ ಕಪ್ಪು ಬಂಡೆಯ ಗೋಡೆ, ನಡುವೆ ಕುಸಿದ ಕಣಿವೆ. ಪ್ರವಾಸಿಗರೆಲ್ಲ ಒಂದು ಕಾಲು ಅಮೆರಿಕದಲ್ಲಿ, ಒಂದು ಕಾಲು ಯೂರೋಪಿನಲ್ಲಿ ಇಟ್ಟ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ವಿಷಯ ಅಷ್ಟು ಸರಳ ಅಲ್ಲ. ಉತ್ತರ ಅಮೆರಿಕದ ಭೂಫಲಕ, ಅಂದರೆ ಆ ಖಂಡವನ್ನು ಹೊತ್ತು ನಿಧಾನವಾಗಿ ಸರಿಯುವ ನೆಲದ ಹಲಗೆ, ಇಲ್ಲಿ ಮುಗಿಯುವುದು ನಿಜ. ಆದರೆ ಆ ಕಡೆ ಇರುವುದು ಯುರೇಷ್ಯಾ ಅಲ್ಲ, ಎರಡರ ನಡುವೆ ಸಿಕ್ಕಿಕೊಂಡ ಒಂದು ಪುಟ್ಟ ತುಂಡು ಫಲಕ. ಯುರೇಷ್ಯಾ ಇನ್ನೂ ಪೂರ್ವಕ್ಕಿದೆ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಉದ್ದಕ್ಕೂ ಓಡುವ ಬಿರುಕು ಇಲ್ಲಿ ಮಾತ್ರ ನೀರಿನಿಂದ ಇಷ್ಟು ದೊಡ್ಡದಾಗಿ ಮೇಲೆ ಬಂದಿದೆ. ಕಾರಣ, ಆ ಬಿರುಕಿನ ಕೆಳಗೇ ಭೂಮಿಯ ಆಳದಿಂದ ಏಳುವ ಬಿಸಿ ಕಲ್ಲಿನ ಊಟೆಯೂ ಇದೆ. ಭೂವಿಜ್ಞಾನಿಗಳು ಇದನ್ನು ಹಾಟ್‌ಸ್ಪಾಟ್ ಅನ್ನುತ್ತಾರೆ. ಬಿರುಕು ಬಾಯಿ ತೆರೆಯುತ್ತದೆ, ಊಟೆ ಅದನ್ನು ತುಂಬುತ್ತದೆ.

"ವರ್ಷಕ್ಕೆ 2 ಸೆಂಟಿಮೀಟರ್ ಅಗಲವಾಗ್ತಾ ಇದ್ದೀವಿ" ಅಂದರು ಗೈಡ್. ನಾನು ಲೆಕ್ಕ ಹಾಕಿದೆ. ನಮ್ಮ ಎಂಟು ದಿನದ ಪ್ರವಾಸದಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಉಗುರು ಬೆಳೆಯುವುದೂ ಇದಕ್ಕಿಂತ ಜಾಸ್ತಿ. ಈ ಲೆಕ್ಕ ಎಷ್ಟು ತಪ್ಪು ಅಂತ ಗೊತ್ತಾಗಿದ್ದು ಆರನೇ ದಿನ.

ಗೇಯ್ಸಿರ್ ಅಲ್ಲಿಂದ ಹತ್ತಿರ. ಪ್ರಪಂಚದ ಬಿಸಿನೀರಿನ ಚಿಲುಮೆಗಳಿಗೆಲ್ಲ ಗೀಸರ್ ಅನ್ನುವ ಹೆಸರು ಬಂದಿದ್ದು ಇದರಿಂದಲೇ. ನಮ್ಮ ಬಚ್ಚಲುಮನೆಯ ಗೀಸರಿಗೂ ಇದೇ ಮೂಲ. ಈಗ ಆ ಹಿರಿಯ ಹೆಚ್ಚಾಗಿ ಸುಮ್ಮನಿರುತ್ತದೆ. ಪಕ್ಕದ ಸ್ಟ್ರೋಕ್ಕುರ್ ಮಾತ್ರ ಐದರಿಂದ ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಅದನ್ನು ಹತ್ತಿರದಿಂದ ನೋಡಬೇಕು. ಕೊಳದ ನೀರು ಮೊದಲು ಉಸಿರಾಡುವ ಹಾಗೆ ಏರಿಳಿಯುತ್ತದೆ. ಆಮೇಲೆ ನೀಲಿ ಗಾಜಿನ ಗುಮ್ಮಟದಂತೆ ಉಬ್ಬುತ್ತದೆ. ಅರೆಕ್ಷಣ ಹಾಗೇ ನಿಂತು, ಒಡೆದು, ಇಪ್ಪತ್ತು ಮೀಟರ್ ಎತ್ತರಕ್ಕೆ ಹಾರುತ್ತದೆ. ಕ್ಯಾಮೆರಾ ಹಿಡಿದವರು ಆ ಗುಮ್ಮಟವನ್ನು ತಪ್ಪಿಸಿಕೊಳ್ಳುವುದೇ ಹೆಚ್ಚು.

ಇದು ಹೇಗೆ ಅಂತ ಹುಡುಕಲು 1846ರಲ್ಲಿ ಜರ್ಮನಿಯಿಂದ ಒಬ್ಬ ರಸಾಯನವಿಜ್ಞಾನಿ ಬಂದಿದ್ದ. ರಾಬರ್ಟ್ ಬುನ್ಸೆನ್. ಹೌದು, ಶಾಲೆಯ ಲ್ಯಾಬಿನ ಬುನ್ಸೆನ್ ಬರ್ನರಿನವನೇ. ಗೇಯ್ಸಿರ್‌ನ ಬಾಯಿಯೊಳಗೆ ಥರ್ಮಾಮೀಟರ್ ಇಳಿಬಿಟ್ಟ. ತಳದಲ್ಲಿ ನೀರು 120 ಡಿಗ್ರಿ ದಾಟಿತ್ತು, ಆದರೂ ಕುದಿಯುತ್ತಿರಲಿಲ್ಲ. ಪ್ರೆಷರ್ ಕುಕ್ಕರ್ ಬಳಸುವವರಿಗೆ ಇದು ಆಶ್ಚರ್ಯವಲ್ಲ. ಕುಕ್ಕರಿನಲ್ಲಿ ಒತ್ತಡ ಹಾಕುವುದು ವೆಯ್ಟ್, ಇಲ್ಲಿ ಮೇಲಿರುವ ನೀರಿನ ಭಾರ. ಸ್ವಲ್ಪ ನೀರು ಮೇಲೆ ಉಬ್ಬಿ ಚೆಲ್ಲಿತು ಅನ್ನಿ, ಭಾರ ಇಳಿಯುತ್ತದೆ. ಕೆಳಗಿನ ನೀರು ಆ ಕ್ಷಣವೇ ಆವಿಯಾಗಿ ಮಿಕ್ಕಿದ್ದನ್ನೂ ಹೊರಗೆ ದಬ್ಬುತ್ತದೆ. ಕೂಗಿದ ಕುಕ್ಕರಿನ ಮುಚ್ಚಳ ಅವಸರದಲ್ಲಿ ತೆಗೆದವರಿಗೆ ಪೂರ್ತಿ ಅರ್ಥವಾಗುತ್ತದೆ.

ಅಂದಿನ ರಾತ್ರಿ ಲಾಡ್ಜಿನಲ್ಲಿ ಸ್ನಾನಕ್ಕೆ ನಿಂತರೆ ನಲ್ಲಿಯಿಂದ ಕೊಳೆತ ಮೊಟ್ಟೆಯ ವಾಸನೆ. ಪೈಪಿನಲ್ಲಿ ಏನೋ ಸತ್ತಿದೆ ಅಂತ ಕೆಳಗೆ ಹೋಗಿ ದೂರು ಕೊಟ್ಟೆ. ಅಲ್ಲಿದ್ದ ಹುಡುಗಿ ತುಂಬ ತಾಳ್ಮೆಯಿಂದ, ಅದು ನೆಲದಿಂದ ನೇರ ಬರುವ ಬಿಸಿನೀರು, ಹೈಡ್ರೋಜನ್ ಸಲ್ಫೈಡ್ ವಾಸನೆ ಅಂದಳು. ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಬೆಚ್ಚಗಿರುವುದು ಈ ಭೂಶಾಖದಿಂದಲೇ. ನನ್ನ ಹಾಗೆ ದೂರು ಕೊಡುವವರು ದಿನಾ ಬರುತ್ತಾರೆ ಅನ್ನಿಸುತ್ತದೆ.

ಮೂರನೇ ದಿನ ರೇನಿಸ್‌ಫ್ಯಾರಾದ ಕಪ್ಪು ಮರಳಿನ ದಂಡೆ. ಆರ್ಗನ್ ಕೊಳವೆಗಳ ಹಾಗೆ ಜೋಡಿಸಿಟ್ಟ ಕಲ್ಲಿನ ಕಂಬಗಳು. ಲಾವಾ ತಣಿಯುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ. ಬತ್ತಿದ ಕೆರೆಯಂಗಳ ಬಿರಿಯುವುದೂ ಹೀಗೇ. ನಿಧಾನವಾಗಿ ತಣಿದರೆ ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿಕೊಳ್ಳುತ್ತಾ ಆರು ಮೂಲೆಯ ಕಂಬಗಳಾಗುತ್ತವೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಇದೇ ಕಂಬಗಳ ಮೇಲೆ ಕೂತು ಕಡಲೆಕಾಯಿ ತಿಂದಿರುತ್ತಾರೆ. ನಮ್ಮವು ಸುಮಾರು 9 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದವು. ಅಂದರೆ ಅಲ್ಲೂ ನೆಲ ಸೀಳಿದ್ದಕ್ಕೇ ಲಾವಾ ಬಂದಿದ್ದು.

ವೀಕ್ ಊರು ದಾಟಿದ ಮೇಲೆ ಪಾಚಿ ಹೊದ್ದ ಲಾವಾ ಬಯಲು ಶುರುವಾಗುತ್ತದೆ. ಬಸ್ಸಿನಲ್ಲಿ ಎಷ್ಟು ಹೊತ್ತು ಹೋದರೂ ಅದೇ. ಹಸಿರು ಹಾಸಿಗೆಯ ಹಾಗೆ ಮೆತ್ತಗೆ, ನೋಡಲು ಚಂದ. ಗೈಡ್ ಮಾತ್ರ ಇಲ್ಲಿ ಪ್ರಶ್ನೆ ಕೇಳಲಿಲ್ಲ, ತಾವೇ ಹೇಳಿದರು: 1783. ಆ ಜೂನ್ 8ರಂದು ಲಾಕಿಯಲ್ಲಿ ನೆಲ ಉದ್ದಕ್ಕೆ ಸೀಳಿ, ನೂರಕ್ಕೂ ಹೆಚ್ಚು ಬಾಯಿಗಳಿಂದ ಎಂಟು ತಿಂಗಳು ಲಾವಾ ಹರಿಯಿತು. ಸುಟ್ಟು ಸತ್ತವರಿಲ್ಲ. ಕೊಂದಿದ್ದು ಗಾಳಿ. ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್, ಜೊತೆಗೆ ಫ್ಲೋರಿನ್. ಹುಲ್ಲಿನ ಮೇಲೆ ಫ್ಲೋರಿನ್ ಕೂತಿತು. ಅದನ್ನು ಮೇಯ್ದ ಕುರಿಗಳ ಹಲ್ಲು, ಮೂಳೆ ವಿಕಾರವಾಗಿ, ನೂರಕ್ಕೆ ಎಂಬತ್ತು ಸತ್ತವು. ಆಮೇಲಿನ ಬರಗಾಲದಲ್ಲಿ ಐವರಲ್ಲಿ ಒಬ್ಬ ಐಸ್‌ಲ್ಯಾಂಡಿಗ ಹೋದ. ಆ ಮಬ್ಬು ಯೂರೋಪನ್ನೂ ಕವಿಯಿತು. ಸೂರ್ಯನ ಬಿಸಿ ತಗ್ಗಿ ಉತ್ತರದ ಖಂಡಗಳು ತಣ್ಣಗಾದವು. ನೆಲ ಕಾಯದಿದ್ದರೆ ಮುಂಗಾರನ್ನು ಎಳೆಯುವ ಶಕ್ತಿಯೂ ಕುಂದುತ್ತದೆ. ಆ ವರ್ಷ ಆಫ್ರಿಕಾದ ಮಳೆ ಸೋತು ನೈಲ್ ನದಿ ಸೊರಗಿತು, ಈಜಿಪ್ಟಿನಲ್ಲಿ ಬರ ಬಿತ್ತು. ಹವಾಮಾನದ ಮಾಡೆಲ್‌ಗಳಲ್ಲಿ ಲಾಕಿಯನ್ನು ಹಾಕಿ ನೋಡಿದರೆ ಭಾರತದ ಮುಂಗಾರೂ ಸಪ್ಪೆಯಾಗುತ್ತದೆ. ಪಾಚಿಯ ಮೇಲೆ ಕಾಲಿಡಬೇಡಿ ಅಂತ ಬೋರ್ಡಿದೆ. ತುಳಿದರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

ನನ್ನ ಮಟ್ಟಿಗೆ ಇಡೀ ಪ್ರವಾಸದ ಮುಖ್ಯ ಜಾಗ ಆಮೇಲೆ ಬಂತು. ಅದು ಜಲಪಾತವೂ ಅಲ್ಲ, ಹಿಮನದಿಯೂ ಅಲ್ಲ. ಸ್ಕೇಡರಾ ಅನ್ನುವ ನದಿಯ ಬಯಲು, ಅಲ್ಲೊಂದು ಸೇತುವೆ.

ಬಯಲು ಅಂದರೆ ಬೂದು ಮರಳು, ಜಲ್ಲಿ, ಕಣ್ಣು ಹಾಯುವಷ್ಟು ದೂರ. ಮೇಲುಗಡೆ ವಾಟ್ನಾಯೋಕುಟ್ಲ್, ದೇಶದ ನೂರಕ್ಕೆ ಎಂಟು ಪಾಲು ನೆಲವನ್ನು ಮುಚ್ಚಿದ ಹಿಮದ ಗುಡ್ಡೆ. ಅದರ ಅಡಿಯಲ್ಲಿ ಜೀವಂತ ಜ್ವಾಲಾಮುಖಿಗಳು. ನದಿಗಳು ದಿನಕ್ಕೊಂದು ದಾರಿ ಹಿಡಿಯುವ ಈ ಬಯಲಿನಲ್ಲಿ ಸೇತುವೆ ಕಟ್ಟುವುದು ಆಗದ ಮಾತು ಅಂತಲೇ ಬಹಳ ಕಾಲ ಬಿಟ್ಟಿದ್ದರು. ಆಗ್ನೇಯ ಮೂಲೆಯವರು ರೇಕ್ಯಾವಿಕ್‌ಗೆ ಗಾಡಿಯಲ್ಲಿ ಹೋಗಬೇಕೆಂದರೆ ಇಡೀ ದ್ವೀಪ ಸುತ್ತಬೇಕಿತ್ತು. ಕೊನೆಗೆ 1974ರಲ್ಲಿ 880 ಮೀಟರಿನ ಸೇತುವೆ ಎದ್ದು ನಿಂತಿತು. ಉಂಗುರ ಕೂಡಿದ್ದು ಆಗಲೇ. ರಿಂಗ್ ರೋಡ್ ನಿಜವಾಗಿ ರಿಂಗ್ ಆಗಿ ಐವತ್ತು ವರ್ಷದ ಮೇಲೆ ಸ್ವಲ್ಪ ಆಗಿದೆ, ಅಷ್ಟೇ.

1996ರ ಸೆಪ್ಟೆಂಬರ್ 30ಕ್ಕೆ ಹಿಮದಡಿ ಒಂದು ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಹೊರಗೆ ಬರಲಿಲ್ಲ, ಗ್ರೀಮ್ಸ್‌ವೋಟ್ನ್ ಅನ್ನುವ ಹಿಮದಡಿಯ ಸರೋವರಕ್ಕೆ ಹೋಗಿ ಸೇರುತ್ತಾ ಹೋಯಿತು. ಆ ಸರೋವರಕ್ಕೆ ಹಿಮವೇ ಅಣೆಕಟ್ಟು. ಹಿಮ ನೀರಿಗಿಂತ ಹಗುರ, ಹತ್ತಕ್ಕೆ ಒಂಬತ್ತರ ಲೆಕ್ಕ. ನೀರಿನ ಮಟ್ಟ ಅಣೆಕಟ್ಟಿನ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟುವ ಹೊತ್ತಿಗೆ ಅಣೆಕಟ್ಟೇ ತೇಲಲು ಶುರುವಾಗುತ್ತದೆ! ವಿಜ್ಞಾನಿಗಳು ಐದು ವಾರ ಕಾದರು. ರಸ್ತೆ ಮುಚ್ಚಿಸಿದರು. ನವೆಂಬರ್ 5ರ ಬೆಳಿಗ್ಗೆ ನೀರು ಬಂತು. ಉತ್ತುಂಗದಲ್ಲಿ ಸೆಕೆಂಡಿಗೆ 45,000 ಘನ ಮೀಟರಿಗೂ ಹೆಚ್ಚು. ಆಫ್ರಿಕಾದ ಕಾಂಗೋ ನದಿಯ ಸರಾಸರಿ ಹರಿವಿಗಿಂತ ಜಾಸ್ತಿ. ಮನೆ ಗಾತ್ರದ ಹಿಮಗಡ್ಡೆಗಳು ತೇಲಿ ಬಂದು ಪಕ್ಕದ ಗೀಗ್ಯು ನದಿಯ ಸೇತುವೆಯನ್ನು ಪೂರ್ತಿ ಕಿತ್ತವು, ದೊಡ್ಡ ಸೇತುವೆಯ ಒಂದಷ್ಟು ಭಾಗವನ್ನೂ ಒಯ್ದವು. ಯಾರೂ ಸಾಯಲಿಲ್ಲ. ತಿರುಚಿಕೊಂಡ ಎರಡು ಉಕ್ಕಿನ ತೊಲೆಗಳನ್ನು ರಸ್ತೆ ಪಕ್ಕದಲ್ಲಿ ಹಾಗೇ ಇಟ್ಟಿದ್ದಾರೆ. ಹತ್ತಿರ ನಿಂತು ನೋಡಿದೆ. ಹಿಂಡಿ ಎಸೆದ ಬಟ್ಟೆಯ ಹಾಗಿದೆ.

ಸೇತುವೆಯನ್ನು ರಿಪೇರಿ ಮಾಡಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಮನದಿ ಕರಗಿ ಹಿಂದೆ ಸರಿದಂತೆ ನೀರಿನ ಇಳಿಜಾರು ಬದಲಾಯಿತು. 2009ರಲ್ಲಿ ಸ್ಕೇಡರಾ ತನ್ನ ಪಾತ್ರವನ್ನೇ ಬಿಟ್ಟು ಪಕ್ಕದ ಗೀಗ್ಯು ನದಿಗೆ ಸೇರಿಕೊಂಡಿತು. ದೇಶದ ಅತಿ ಉದ್ದದ ಸೇತುವೆ ಒಣ ಜಲ್ಲಿಯ ಮೇಲೆ ಉಳಿಯಿತು. 2017ರಲ್ಲಿ ಪಕ್ಕದಲ್ಲೇ ಒಂದು ಚಿಕ್ಕ ಸೇತುವೆ ಕಟ್ಟಿ ಸಂಚಾರವನ್ನು ಅದಕ್ಕೆ ತಿರುಗಿಸಿದರು. ಹಳೆಯದು ಈಗಲೂ ಕಾಣುತ್ತದೆ. ನಾನು ನೋಡಿದಾಗ ಅದರ ಕೆಳಗೆ ನೇರಳೆ ಬಣ್ಣದ ಲೂಪಿನ್ ಹೂಗಳು ತುಂಬಿದ್ದವು. ಅವೂ 1945ರಲ್ಲಿ ಅಲಾಸ್ಕಾದಿಂದ ತಂದು ಹಾಕಿದವು.

ಮುಂದಿನ ಯೋಕುಲ್ಸಾರ್ಲೋನ್ ಸರೋವರದ ಫೋಟೋ ನೀವೆಲ್ಲ ನೋಡಿರುತ್ತೀರಿ, ನೀಲಿ ಹಿಮಗಡ್ಡೆ ತೇಲುವ ಜಾಗ. ನೂರು ವರ್ಷದ ಹಿಂದೆ ಅಲ್ಲಿ ಸರೋವರವೇ ಇರಲಿಲ್ಲ. ಹಿಮನದಿ ಹಿಂದೆ ಸರಿದು ಬಿಟ್ಟ ಗುಂಡಿ ಅದು. ಈಗ ಇನ್ನೂರು ಮೀಟರಿಗೂ ಆಳ.

ಪೂರ್ವದ ಕಣಿವೆಗಳಿಗೆ ಬಂದಾಗ ಗೈಡ್ ಮತ್ತೆ ಕೇಳಿದರು. ಈ ಸಲ ಉತ್ತರ 1.3 ಕೋಟಿ ವರ್ಷ. ಬಿರುಕಿನಿಂದ ದೂರ ಹೋದಷ್ಟೂ ನೆಲ ಹಳೆಯದು. ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿವೆ, ಒಂದು ಮೆಟ್ಟಿಲು ಅಂದರೆ ಒಂದು ಸಲದ ಲಾವಾ. ನಡುನಡುವೆ ಕೆಂಪು ಗೆರೆ. ಎರಡು ಲಾವಾಗಳ ನಡುವೆ ಬಿಡುವು ಸಿಕ್ಕಾಗ ಮಣ್ಣಾದ ಪದರ. ಬೆಳಗಾವಿಯಿಂದ ಮಹಾರಾಷ್ಟ್ರದ ಕಡೆ ಹೋಗುವಾಗ ಇದೇ ಮೆಟ್ಟಿಲು, ಇದೇ ಕೆಂಪು ಗೆರೆ ಕಾಣುತ್ತದೆ. ಡೆಕ್ಕನ್ ಟ್ರ್ಯಾಪ್ಸ್ ಅನ್ನುತ್ತೇವಲ್ಲ, ಅದರ ಟ್ರ್ಯಾಪ್ ಬಂದಿದ್ದು ಮೆಟ್ಟಿಲು ಅನ್ನುವ ಸ್ವೀಡಿಷ್ ಮಾತಿನಿಂದ. ಅದು 6.6 ಕೋಟಿ ವರ್ಷದ ಹಿಂದಿನ ಲಾವಾ, ಅದರ ಹಾಟ್‌ಸ್ಪಾಟ್ ಈಗ ರಿಯೂನಿಯನ್ ದ್ವೀಪದ ಕೆಳಗಿದೆ. ನಮ್ಮಲ್ಲಿ ಆ ಲಾವಾ ಕಲ್ಲು, ಅಂದರೆ ಬಸಾಲ್ಟ್, ಸವೆದು ಎರೆಮಣ್ಣಾಯಿತು, ಜೋಳ, ಹತ್ತಿ ಬೆಳೆಯಿತು. ಇಲ್ಲಿನ ಚಳಿಯಲ್ಲಿ ಅಂಥ ಮಣ್ಣಾಗಲು ಅವಕಾಶವೇ ಸಿಕ್ಕಿಲ್ಲ.

ಆರನೇ ದಿನ ಉತ್ತರದ ಮೀವಾಟ್ನ್. ಹೆಸರಿಗೆ ನುಸಿಗಳ ಸರೋವರ ಅಂತ ಅರ್ಥ, ಸುಳ್ಳಲ್ಲ. ಬಾಯಿ ತೆರೆದು ಮಾತಾಡುವ ಹಾಗಿರಲಿಲ್ಲ. ಊಟಕ್ಕೆ ಕಪ್ಪು ರೈ ಬ್ರೆಡ್ ಕೊಟ್ಟರು. ಹಿಟ್ಟನ್ನು ಡಬ್ಬಿಗೆ ತುಂಬಿ ಬಿಸಿ ನೆಲದಲ್ಲಿ ಒಂದು ದಿನ ಹೂತಿಟ್ಟು ಬೇಯಿಸಿದ್ದು. ತೇವ, ಸಿಹಿ, ಹೆಚ್ಚುಕಡಿಮೆ ಹಬೆಯ ಕಡುಬಿನ ಹದ. ಮೇಲೆ ಬೆಣ್ಣೆ. ನಾನು ನಾಲ್ಕು ತುಂಡು ತಿಂದೆ.

ಪಕ್ಕದಲ್ಲೇ ಕ್ರಾಫ್ಲಾ ಜ್ವಾಲಾಮುಖಿ. ಅಲ್ಲಿ ಗೈಡ್ ತಮ್ಮ ಮೊದಲ ದಿನದ ಮಾತನ್ನು ತಾವೇ ವಾಪಸ್ ತೆಗೆದುಕೊಂಡರು. ನೆಲ ವರ್ಷಕ್ಕೆ 2 ಸೆಂಟಿಮೀಟರ್ ಸರಿಯುವುದು ಸರಾಸರಿ. ಬಿರುಕಿನ ಹತ್ತಿರ ಅದು ದಿನಾ ಸರಿಯುವುದಿಲ್ಲ, ಎಳೆತ ಕೂಡಿಟ್ಟುಕೊಳ್ಳುತ್ತದೆ. ಕ್ರಾಫ್ಲಾದಲ್ಲಿ 1729ಕ್ಕೆ ಸಿಡಿತದ ಹಿಂದಿನ ಸುತ್ತು ಮುಗಿದಿತ್ತು. ಆಮೇಲೆ ಸುಮಾರು 250 ವರ್ಷ ಮೌನ. 1975ರಿಂದ 1984ರವರೆಗೆ ಒಂಬತ್ತು ಸಲ ಲಾವಾ ಉಕ್ಕಿ, ನೆಲ ಸರಾಸರಿ 5 ಮೀಟರಿನಷ್ಟು ಅಗಲವಾಯಿತು. ಗುಣಿಸಿ ನೋಡಿ: 250 ವರ್ಷ, ವರ್ಷಕ್ಕೆ 2 ಸೆಂಟಿಮೀಟರ್. ಸರಿಯಾಗಿ 5 ಮೀಟರ್. ಕಂತು ಕಟ್ಟದೆ ಉಳಿಸಿಕೊಂಡವರು ಬಾಕಿಯನ್ನೆಲ್ಲ ಒಟ್ಟಿಗೆ ಕಟ್ಟಿದ ಹಾಗೆ.

ಆ ಗದ್ದಲದ ನಡುವೆಯೇ ಅಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದರು ಅನ್ನುವುದೇ ನನಗೆ ನಂಬಲಾಗಲಿಲ್ಲ. 1977ರಲ್ಲಿ ಹತ್ತಿರದ ಒಂದು ಬೋರ್‌ವೆಲ್ಲಿನ ಪೈಪಿನಿಂದ ಸುಮಾರು ಮೂರು ಟನ್ ಲಾವಾ ಚೂರು ಚಿಮ್ಮಿತು. 2009ರಲ್ಲಿ ಇನ್ನೊಂದು ಬಾವಿ ಕೊರೆಯುತ್ತಾ 2.1 ಕಿಲೋಮೀಟರ್ ಆಳದಲ್ಲಿ ನೇರ ಶಿಲಾಪಾಕಕ್ಕೇ, ಅಂದರೆ ನೆಲದಡಿಯ ಕರಗಿದ ಕಲ್ಲಿಗೇ, ಹೋಗಿ ತಾಗಿದರು. ಕೋಲಾರದಲ್ಲಿ ಸಾವಿರ ಅಡಿ ಕೊರೆಸಿ ನೀರಿಲ್ಲ ಅನ್ನುವವರಿಗೆ ಇದನ್ನು ಹೇಗೆ ಹೇಳುವುದು!

ಪಶ್ಚಿಮದ ಎರಡು ದಿನ ಮಳೆ, ಕುರಿ, ಮತ್ತೆ ಮಳೆ. ಗಾಳಿಗೆ ನನ್ನ ಟೋಪಿ ಹೋಯಿತು. ನಾರ್ದರ್ನ್ ಲೈಟ್ಸ್ ನೋಡಿದ್ರಾ ಅಂತ ಬಂದ ಮೇಲೆ ಎಲ್ಲರೂ ಕೇಳಿದರು. ಜೂನಿನಲ್ಲಿ ಅಲ್ಲಿ ಕತ್ತಲೇ ಆಗುವುದಿಲ್ಲ ಸ್ವಾಮಿ.

ಕೊನೆಯ ದಿನ ವಿಮಾನ ಸಂಜೆಗಿತ್ತು. ಗೈಡ್ ಬಸ್ಸನ್ನು ಗ್ರಿಂಡವೀಕ್ ಕಡೆ ತಿರುಗಿಸಿದರು. ಸುಮಾರು 800 ವರ್ಷ ಸುಮ್ಮನಿದ್ದ ಆ ಮೂಲೆ 2021ರಲ್ಲಿ ಎದ್ದಿದೆ. 2023ರ ನವೆಂಬರ್ 10ರ ರಾತ್ರಿ ಶಿಲಾಪಾಕ ಊರಿನ ಅಡಿಗೇ ನುಗ್ಗಿ, 3,800ರಷ್ಟು ಜನ ಮನೆ ಬಿಟ್ಟು ಹೊರಟರು. ಆಮೇಲಿನ ಸಿಡಿತಗಳಲ್ಲಿ ಲಾವಾ ಊರಿನ ರಸ್ತೆಯನ್ನು ಮತ್ತೆ ಮತ್ತೆ ಮುಚ್ಚಿತು. ಅವರೂ ಮತ್ತೆ ಮತ್ತೆ ಅದರ ಮೇಲೇ ಜಲ್ಲಿ ಸುರಿದು ರಸ್ತೆ ಮಾಡಿದರು, ಒಳಗೆ ಇನ್ನೂ ಬಿಸಿ ಇರುವಾಗಲೇ. ಎರಡೂ ಕಡೆ ಕರಿ ಗುಡ್ಡೆ, ಅಲ್ಲಲ್ಲಿ ತೆಳು ಹಬೆ. ಬಸ್ಸು ನಿಧಾನವಾಯಿತು. ಗೈಡ್ ಮೈಕ್ ತೆಗೆದುಕೊಂಡರು.

"ಈಗ ಚಕ್ರದ ಕೆಳಗೆ?"

ಹಿಂದಿನ ಸೀಟಿನಿಂದ ಒಂದು ಮಗು ಕೂಗಿತು: "ನನಗಿಂತ ಚಿಕ್ಕದು!"