ರನ್ ಅಂದರೆ ಓಡುವುದು ತಾನೇ, ಮತ್ತೆ ಮೂಗು ಹೇಗೆ ಓಡುತ್ತದೆ?

"ಸರ, ರನ್ ಅಂದ್ರ ಓಡೋದು ಅಂತ ಸಣ್ಣಾಕಿ ಇದ್ದಾಗಿಂದ ಕಲ್ತೀನಿ. ಹಂಗಾದ್ರ ಮೂಗಿಗೂ ರನ್, ಅಂಗಡಿಗೂ ರನ್, ರಸ್ತೆಗೂ ರನ್ ಅಂತ ಯಾಕ ಬರೀತಾರ? ಇಷ್ಟೆಲ್ಲ ನೆನಪಿಡೋದು ಹ್ಯಾಂಗ್ರಿ?"

ಕಲಬುರಗಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪ್ರಶ್ನೆ ಯಾವ ವರ್ಷವೂ ತಪ್ಪಿದ್ದಿಲ್ಲ. ಈ ಸಲ ಕೇಳಿದವಳು ಸೇಡಂ ಕಡೆಯ ಪಿಯುಸಿ ಹುಡುಗಿ.

ಅವಳು ಕಂಗಾಲಾಗಿದ್ದರಲ್ಲಿ ತಪ್ಪೇನೂ ಇಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು 'ರನ್' ಅನ್ನುವ ಕ್ರಿಯಾಪದ ಒಂದಕ್ಕೇ 645 ಅರ್ಥ ಗುರುತಿಸಿದ್ದಾರೆ. ಅದಕ್ಕೂ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, 'ಸೆಟ್' ಮುಂದಿತ್ತು. ಅದಕ್ಕೆ ಸುಮಾರು 430. ಇವನ್ನೆಲ್ಲ ಯಾರೂ ಬಾಯಿಪಾಠ ಮಾಡುವುದಿಲ್ಲ, ಇಂಗ್ಲೆಂಡಿನವರೂ ಮಾಡುವುದಿಲ್ಲ. ಬೇರು ಎಲ್ಲಿದೆ ಅಂತ ಗೊತ್ತಾದರೆ ಸಾಕು, ಮುಕ್ಕಾಲು ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತವೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ 'ರಿನ್ನನ್' ಅನ್ನುವ ಪದ ಇತ್ತು. ಮನುಷ್ಯ ಓಡುವುದಕ್ಕೂ ಅದೇ, ನೀರು ಹರಿಯುವುದಕ್ಕೂ ಅದೇ. ಅದರ ಒಡಹುಟ್ಟಿದ ಇನ್ನೊಂದು ಪದಕ್ಕೆ 'ಓಡಿಸು' ಅನ್ನುವ ಅರ್ಥ. ಕಾಲ ಕಳೆದಂತೆ ಎರಡೂ ಬೆರೆತು ಇವತ್ತಿನ ರನ್ ಆಯಿತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಓಡುವುದಕ್ಕೆ ರೆನ್ನೆನ್, ನೀರು ಹರಿಯುವುದಕ್ಕೆ ರಿನ್ನೆನ್ ಅಂತ ಬೇರೆ ಬೇರೆ ಪದ ಇವೆ. ಇಂಗ್ಲಿಷ್‌ನಲ್ಲಿ ಒಂದೇ ಉಳಿಯಿತು.

ಹಾಗಾಗಿ ನಮ್ಮ ನಾಲ್ಕು ಮಾತು ಆ ಒಂದು ಪದದೊಳಗೆ ಕೂತಿವೆ: ಓಡು, ಓಡಿಸು, ಹರಿ, ಹರಿಸು. ಕನ್ನಡದಲ್ಲಿ 'ಇಸು' ಹಚ್ಚಿದ ಕೂಡಲೇ ಯಾರು ಮಾಡಿದರು, ಯಾರಿಂದ ಮಾಡಿಸಿದರು ಅಂತ ತಿಳಿದುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಆ ಸೌಲಭ್ಯ ಇಲ್ಲ. ರನ್ ಆದಮೇಲೆ ಒಂದು ವಸ್ತುವಿನ ಹೆಸರು ಬಂದಿದೆಯಾ ಅಂತ ನಾವೇ ನೋಡಬೇಕು. 'ದಿ ಬಸ್ ರನ್ಸ್' ಅಂದರೆ ಬಸ್ಸು ಓಡುತ್ತದೆ. 'ದೇ ರನ್ ಬಸಸ್' ಅಂದರೆ ಅವರು ಬಸ್ಸು ಓಡಿಸುತ್ತಾರೆ. ಕ್ಲಾಸಿನಲ್ಲಿ ನಾನು ಅತಿ ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ, ಯಾಕೆಂದರೆ ಮಕ್ಕಳು ಎಡವುವುದೂ ಇಲ್ಲೇ.

'ಹರಿ' ಹಿಡಿದುಕೊಂಡರೆ ಮೂಗಿನ ಸಮಸ್ಯೆ ಬಗೆಹರಿಯುತ್ತದೆ. ಓಡುತ್ತಿರುವುದು ಮೂಗಲ್ಲ, ನೆಗಡಿಯ ನೀರು. ಗಾಣಗಾಪುರದ ಹತ್ತಿರ ಭೀಮಾ ನದಿ ರನ್ ಆಗುವುದೂ ಹೀಗೆಯೇ, ನಲ್ಲಿಯ ನೀರು ರನ್ ಆಗುವುದೂ ಹೀಗೆಯೇ. ನಾನು ಕೊಡುವ ಉದಾಹರಣೆ ಮಾತ್ರ ನಮ್ಮ ಮನೆಯದು. ಅವ್ವ ಹೊಸ ಇಳಕಲ್ ಸೀರೆಯನ್ನು ಬಕೆಟ್‌ನಲ್ಲಿ ನೆನೆ ಹಾಕಿದ್ದಳು. ಅದರೊಳಗೆ ನನ್ನ ಬಿಳಿ ಬನಿಯನ್ನು ಬಿದ್ದಿತ್ತು. ಕೆಂಪು ಸೆರಗಿನ ಬಣ್ಣ ನೂಲುನೂಲಾಗಿ ನೀರಿಗೆ ಇಳಿದು, ಬನಿಯನ್ನು ದಾಸವಾಳದ ಬಣ್ಣಕ್ಕೆ ತಿರುಗಿತು. ನಾವು 'ಬಣ್ಣ ಬಿಡ್ತು' ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ 'ದಿ ಕಲರ್ ರ‍್ಯಾನ್'. ಬಕೆಟ್‌ನಲ್ಲಿ ಆ ಬಣ್ಣ ಹರಿಯುವುದನ್ನು ನೋಡಿದವರಿಗೆ ಈ ಅರ್ಥ ಮರೆಯುವುದಿಲ್ಲ.

ಇನ್ನು ಅಂಗಡಿ. ನಮ್ಮೂರಿನಲ್ಲಿ ತೊಗರಿಬೇಳೆ ಮಿಲ್ಲುಗಳು ಬೇಕಾದಷ್ಟಿವೆ. "ಅವರು ದಾಲ್ ಮಿಲ್ ನಡೆಸ್ತಾರ" ಅನ್ನುತ್ತೇವೆ. ಅದನ್ನೇ ಇಂಗ್ಲಿಷ್‌ನಲ್ಲಿ 'ದೇ ರನ್ ಎ ದಾಲ್ ಮಿಲ್' ಅನ್ನುತ್ತಾರೆ. ಇಲ್ಲಿ ಒಂದು ಚಂದದ ಸಂಗತಿ ಇದೆ. ಅವರು ಓಡಿಸುವುದನ್ನು ನಾವು ನಡೆಸುತ್ತೇವೆ! ಕಲಬುರಗಿಯ ಮಕ್ಕಳಿಗೆ ಉರ್ದುವೂ ಕಿವಿಗೆ ಬಿದ್ದಿರುತ್ತದೆ, ಅಲ್ಲಿ 'ದುಕಾನ್ ಚಲಾನಾ'. ಅದೂ ನಡೆಸುವುದೇ. ಮಷಿನ್ ಶುರುವಾಗಿದ್ದರೂ ರನ್, ಕಂಪ್ಯೂಟರ್‌ನಲ್ಲಿ ಪ್ರೋಗ್ರಾಮ್ ಶುರುವಾಗಿದ್ದರೂ ರನ್. ರೈಲು, ಗಿರಣಿ, ಕಂಪ್ಯೂಟರ್ ಹೀಗೆ ಒಂದೊಂದೇ ಬಂದ ಹಾಗೆ ಪದದ ಹೊರೆಯೂ ಏರುತ್ತಾ ಹೋಯಿತು. ಆದರೆ ಎಲ್ಲ ಕಡೆ ನಮ್ಮ 'ನಡೆ', 'ನಡೆಸು' ಸಲೀಸಾಗಿ ಕೂರುತ್ತವೆ.

ಚುನಾವಣೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಮೆರಿಕದವರು ಚುನಾವಣೆಗೆ 'ರನ್' ಮಾಡುತ್ತಾರೆ, ಅಂದರೆ ಓಡುತ್ತಾರೆ. ಬ್ರಿಟನ್ನಿನವರು 'ಸ್ಟ್ಯಾಂಡ್' ಅನ್ನುತ್ತಾರೆ. ನಾವು "ಈ ಸಲ ಯಾರ್ ನಿಂತಾರ?" ಅಂತ ಕೇಳುತ್ತೇವೆ. ಓಡುವವರೂ ನಿಲ್ಲುವವರೂ ಮಾಡುವ ಕೆಲಸ ಒಂದೇ ಅಲ್ವಾ! ಅದಕ್ಕೇ ಹೇಳುವುದು, ಪದಕ್ಕೆ ಪದ ಇಟ್ಟು ಅರ್ಥ ಮಾಡಬೇಡಿ. ಆ ಜಾಗದಲ್ಲಿ ನಮ್ಮ ಮನೆಯಲ್ಲಿ ಏನು ಅನ್ನುತ್ತಾರೆ ಅಂತ ಕೇಳಿಕೊಳ್ಳಿ.

ರಸ್ತೆಯ ವಿಷಯ ಸುಲಭ. ಬೀದರ್‌ವರೆಗೆ ರಸ್ತೆ ರನ್ ಆಗುತ್ತದೆ ಅಂದರೆ ಅಲ್ಲಿವರೆಗೆ ಹೋಗುತ್ತದೆ ಅಂತ. ನಾವೂ "ಈ ರಸ್ತಾ ಎಲ್ಲಿಗೆ ಹೋಗ್ತದ?" ಅಂತಲೇ ಕೇಳುವುದು, ರಸ್ತೆ ಇದ್ದಲ್ಲೇ ಇದ್ದರೂ. ಕ್ರಿಕೆಟ್ಟಿನ ರನ್ ಎಲ್ಲರಿಗೂ ಗೊತ್ತು. ವಿಕೆಟ್ ನಡುವೆ ಓಡಿದ್ದಕ್ಕೆ ಬಂದ ಹೆಸರು ಅದು. ಈಗ ಬೌಂಡರಿ ಹೊಡೆದರೆ ಓಡದೆಯೂ ನಾಲ್ಕು ರನ್ ಸಿಗುತ್ತದೆ.

ನಿಜವಾಗಿ ಕಷ್ಟ ಕೊಡುವುದು ರನ್ ಹಿಂದೆ ಬರುವ ಸಣ್ಣ ಪದಗಳು. 'ರನ್ ಇಂಟು' ಅಂದರೆ ದಾರಿಯಲ್ಲಿ ಯಾರಾದರೂ ಅಚಾನಕ್ ಸಿಗುವುದು. 'ರನ್ ಓವರ್' ಅಂದರೆ ಗಾಡಿ ಮೇಲೆ ಹಾಯುವುದು. 'ರನ್ ಔಟ್ ಆಫ್' ಅಂದರೆ ತೀರಿಹೋಗುವುದು. ಅಡುಗೆ ಅರ್ಧ ಆದಾಗ ಸಿಲಿಂಡರ್ ಖಾಲಿ ಆಯ್ತು ಅಂತಾರಲ್ಲ, ಅದಕ್ಕೆ ಇದೇ ಸರಿಯಾದ ಮಾತು. ಈ ಸಣ್ಣ ಪದಗಳನ್ನು ರನ್‌ನಿಂದ ಬಿಡಿಸಬೇಡಿ. ಎರಡೂ ಸೇರಿಸಿ ಒಂದೇ ಪದ ಅಂತ ಬರೆದುಕೊಂಡು, ಪಕ್ಕದಲ್ಲಿ ನಿಮ್ಮ ಮನೆಯಲ್ಲಿ ನಡೆದದ್ದೇ ಒಂದು ವಾಕ್ಯ ಬರೆಯಿರಿ.

ಇಷ್ಟು ಹೇಳಿ ಮುಗಿಸಿದ ಮೇಲೆ ಆ ಹುಡುಗಿಗೆ ಹೊಸದೊಂದು ವಾಕ್ಯ ಕೊಟ್ಟೆ: 'ದಿ ವೆಲ್ ಹ್ಯಾಸ್ ರನ್ ಡ್ರೈ.' ಅವಳು ಅದನ್ನು ಎಲ್ಲೂ ಓದಿರಲಿಲ್ಲ. ಪೆನ್ನಿನ ತುದಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು.

"ಬಾವಿ ಓಡ್ತು ಅಂತ ಅಲ್ರಿ. ನೀರು ಹರಿದು ಹರಿದು ಮುಗೀತು ಅಂತ. ಬಾವಿ ಬತ್ತಿ ಹೋಗ್ಯಾದ ಅಂತಲ್ರಿ ಸರ?"

"ಹೌದವ್ವ, ಅದೇ."