ಹರ್ಪಿಸ್ ಸಿಂಪ್ಲೆಕ್ಸ್: ರಿಪೋರ್ಟ್‌ನಲ್ಲಿ ಪಾಸಿಟಿವ್ ಬಂದರೆ ಏನರ್ಥ?

ಜ್ವರ ಬಂದು ಹೋದ ಮೇಲೆ ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುವುದನ್ನು ನೋಡಿರುತ್ತೀರಿ. ‘ಉಷ್ಣ ಜಾಸ್ತಿಯಾಗಿದೆ’ ಅಂತಾರೆ ಕೆಲವರು. ‘ರಾತ್ರಿ ಜೇಡ ಉಚ್ಚೆ ಹೊಯ್ದಿರಬೇಕು’ ಅಂತಾರೆ ಇನ್ನು ಕೆಲವರು. ಪಾಪ, ಜೇಡದ್ದೇನೂ ತಪ್ಪಿಲ್ಲ. ಸಾಮಾನ್ಯವಾಗಿ ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ (ಚಿಕ್ಕದಾಗಿ ಎಚ್‌ಎಸ್‌ವಿ) ಕೆಲಸ.

ಇದರಲ್ಲಿ ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಾಗಿ ಬಾಯಿ, ತುಟಿಗೆ ಸಂಬಂಧಿಸಿದ್ದು. ಎಂಜಲು, ಮುತ್ತಿನಿಂದ ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಅಂಟಿರುತ್ತದೆ. ಎಚ್‌ಎಸ್‌ವಿ-2 ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಬಂದು ಜನನಾಂಗದಲ್ಲಿ ಹುಣ್ಣು ಮಾಡುತ್ತದೆ. ಒಂದನೆಯದು ಅಲ್ಲಿಗೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಎಚ್‌ಎಸ್‌ವಿ-1 ಇದೆ. ಅಂದರೆ ಮೂವರಲ್ಲಿ ಹತ್ತಿರ ಹತ್ತಿರ ಇಬ್ಬರು! ಬಹುತೇಕರಿಗೆ ಅದು ಗೊತ್ತೂ ಇರುವುದಿಲ್ಲ. ಅಂದಹಾಗೆ ಸರ್ಪಸುತ್ತು ಬೇರೆ. ಅದು ಚಿಕನ್‌ಪಾಕ್ಸ್ ವೈರಸ್ ಮತ್ತೆ ಎದ್ದಾಗ ಬರುವಂಥದ್ದು.

ಗುಳ್ಳೆ ಒಣಗಿದ ಮೇಲೂ ವೈರಸ್ ಮೈಬಿಟ್ಟು ಹೋಗುವುದಿಲ್ಲ. ನರದ ಜೊತೆ ಒಳಗೆ ಸಾಗಿ, ನರಕೋಶಗಳ ಗಂಟಿನಲ್ಲಿ ಸುಮ್ನೆ ಕೂತಿರುತ್ತದೆ. ಬಾಯಿಯದ್ದಾದರೆ ಕಿವಿಯ ಮುಂದೆ, ತಲೆಬುರುಡೆಯ ಒಳಗಿನ ಗಂಟು. ಜನನಾಂಗದ್ದಾದರೆ ಬೆನ್ನುಮೂಳೆಯ ಕೆಳತುದಿಯ ಹತ್ತಿರದ್ದು. ಜ್ವರ, ಸುಡುಬಿಸಿಲು, ನಿದ್ದೆಗೇಡು, ಮುಟ್ಟು ಇಂಥ ನೆಪ ಸಿಕ್ಕರೆ ಅದೇ ನರದ ದಾರಿ ಹಿಡಿದು ಮತ್ತೆ ಮೇಲೆ ಬರುತ್ತದೆ. ಕೆಲವೊಮ್ಮೆ ಗುಳ್ಳೆಯೇ ಕಾಣದೆ ಚರ್ಮದ ಮೇಲೆ ವೈರಸ್ ಇರುತ್ತದೆ, ಆಗಲೂ ಅಂಟಬಹುದು. ಹಾಗಾಗಿ ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ನಮ್ಮಲ್ಲಿ ಈ ಹೆಸರು ಮನೆಗೆ ಬರುವುದು ಹೆಚ್ಚಾಗಿ ಟಾರ್ಚ್ ಟೆಸ್ಟ್ (ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳನ್ನು ಹುಡುಕುವ ರಕ್ತ ಪರೀಕ್ಷೆ) ಮೂಲಕ. ಗರ್ಭ ನಿಲ್ಲಲಿಲ್ಲ ಅಂತಲೋ, ಬಸಿರಿಯ ತಪಾಸಣೆ ಅಂತಲೋ ರಕ್ತ ಕೊಟ್ಟಿರುತ್ತಾರೆ. ರಿಪೋರ್ಟ್‌ನಲ್ಲಿ ‘ಎಚ್‌ಎಸ್‌ವಿ 1 ಮತ್ತು 2 ಐಜಿಜಿ: ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಗೂಗಲ್ ಮಾಡಿದರೆ ಮುಗಿಯಿತು. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನದಿಂದ ನೋಡುವುದು ಶುರು. ಆದರೆ ಐಜಿಜಿ ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ, ಬಹುಕಾಲ ಉಳಿಯುವ ಪ್ರತಿಕಾಯ. ಅದು ಹೇಳುವುದು ಇಷ್ಟೇ: ಈ ವೈರಸ್ ಯಾವಾಗಲೋ ಒಮ್ಮೆ ಮೈ ಸೇರಿದೆ. ಯಾವಾಗ, ಯಾರಿಂದ ಅಂತ ಅದು ಹೇಳುವುದಿಲ್ಲ. ಎರಡೂ ಬಗೆಯನ್ನು ಸೇರಿಸಿ ನೋಡುವ ಟೆಸ್ಟ್ ಆದರೆ, ತುಟಿಯದ್ದೋ ಕೆಳಗಿನದ್ದೋ ಅಂತಲೂ ಹೇಳುವುದಿಲ್ಲ. ಐದನೇ ವಯಸ್ಸಿನಲ್ಲಿ ಅತ್ತೆಯೋ ಚಿಕ್ಕಮ್ಮನೋ ಕೊಟ್ಟ ಮುತ್ತಿನ ಲೆಕ್ಕವನ್ನು ಗಂಡನ ತಲೆಗೆ ಕಟ್ಟುವುದು ಯಾವ ನ್ಯಾಯ? ಐಜಿಎಂ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯವಂತೂ ಹೊಸ ಸೋಂಕೋ ಹಳೆಯದೋ ಎಂದು ತಿಳಿಯಲು ನಂಬಿಕೆಗೆ ಅರ್ಹವಲ್ಲ. ಹುಣ್ಣು ಇದ್ದಾಗ ಅದರಿಂದಲೇ ಸ್ವಾಬ್ ತೆಗೆದು ಮಾಡುವ, ವೈರಸ್‌ನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಹೆಚ್ಚು ಖಚಿತ.

ಬಸಿರಿಯರಿಗೆ ನಿಜವಾದ ಅಪಾಯ ಬೇರೆ ಕಡೆ ಇದೆ. ಕೊನೆಯ ತಿಂಗಳುಗಳಲ್ಲಿ ಜನನಾಂಗದ ಸೋಂಕು ಹೊಸದಾಗಿ ಬಂದರೆ ಹೆರಿಗೆಯಲ್ಲಿ ಮಗುವಿಗೆ ತಗಲುವ ಸಾಧ್ಯತೆ ಜಾಸ್ತಿ. ಹಳೆಯದಾಗಿದ್ದರೆ ತುಂಬ ಕಡಿಮೆ. ಆದರೂ ಡಾಕ್ಟರಿಗೆ ಹೇಳಿರಬೇಕು. 36ನೇ ವಾರದಿಂದ ಮಾತ್ರೆ ಕೊಡುತ್ತಾರೆ, ನೋವು ಶುರುವಾದಾಗ ಹುಣ್ಣು ಇದ್ದರೆ ಸಿಸೇರಿಯನ್ ಮಾಡುತ್ತಾರೆ.

ವೈರಸ್ಸನ್ನು ಬೇರುಸಹಿತ ಕೀಳುವ ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಹತೋಟಿಯಲ್ಲಿ ಇಡಲು ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಇವೆ. ಗುಳ್ಳೆ ಏಳುವ ಮೊದಲು ಆ ಜಾಗ ಜುಮ್ ಅನ್ನುತ್ತದೆ, ಆಮೇಲೆ ಉರಿ. ಪದೇ ಪದೇ ಆಗುವವರಿಗೆ ಇದು ಚೆನ್ನಾಗಿ ಗೊತ್ತು. ಡಾಕ್ಟರ್ ಬರೆದ ಮಾತ್ರೆ ಆ ಹೊತ್ತಿಗೇ ತೆಗೆದುಕೊಂಡರೆ ಹೆಚ್ಚು ಉಪಯೋಗ, ಹಕ್ಕಳೆ ಕಟ್ಟಿದ ಮೇಲೆ ಅಷ್ಟಕ್ಕಷ್ಟೆ. ವರ್ಷಕ್ಕೆ ಹಲವು ಸಲ ಬರುವವರಿಗೆ ದಿನಾ ಮಾತ್ರೆ ಕೊಡುವುದೂ ಉಂಟು. ಎಚ್‌ಎಸ್‌ವಿ-2 ಇರುವವರು ಹೀಗೆ ದಿನಾ ವ್ಯಾಲಸೈಕ್ಲೋವಿರ್ ತೆಗೆದುಕೊಂಡರೆ ಸಂಗಾತಿಗೆ ಅಂಟುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಗುಳ್ಳೆ ಇರುವಾಗ ಲೋಟ, ಟವೆಲ್ ಬೇರೆ ಇಟ್ಟುಕೊಳ್ಳಿ. ಎಳೆಗೂಸಿಗೆ ಮುತ್ತು ಕೊಡಲೇಬೇಡಿ, ಅಜ್ಜಿಯಾದರೂ ಸರಿ. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಹರ್ಪಿಸ್ ಹುಣ್ಣು ಇನ್ನಷ್ಟು ಹರಡಿ, ಕರಿಗುಡ್ಡೆಯ ಮೇಲೆ ಕಲೆ ಉಳಿದು ದೃಷ್ಟಿಯೇ ಮಂಜಾಗಬಹುದು.