ತಾಯಿಯ ಬೊಜ್ಜು ಮತ್ತು ಮಾಸು: ಗಾತ್ರ ಹೆಚ್ಚಿದರೆ ಸಾಮರ್ಥ್ಯ ಹೆಚ್ಚಿದಂತಲ್ಲ

ಬೊಜ್ಜಿರುವ ಗರ್ಭಿಣಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಸೇರಿಯನ್ ಸಾಧ್ಯತೆಗಳ ಬಗ್ಗೆ ವೈದ್ಯರು ಎಚ್ಚರಿಕೆ ಹೇಳುತ್ತಾರೆ. ಆದರೆ ಈ ತೊಡಕುಗಳಲ್ಲಿ ಹಲವು ಯಾವ ಅಂಗದ ಮೂಲಕ ಮಗುವನ್ನು ತಟ್ಟುತ್ತವೆಯೋ ಆ ಮಾಸಿನ (ಪ್ಲಾಸೆಂಟಾ) ಮಾತು ಬರುವುದು ಅಪರೂಪ. ಮಾಸು ಗರ್ಭಕೋಶದ ಮುಂಭಾಗದಲ್ಲಿದೆಯೋ ಹಿಂಭಾಗದಲ್ಲಿದೆಯೋ ಎಂಬ ಸ್ಕ್ಯಾನಿಂಗ್ ವರದಿಯ ಸಾಲು ಅದಿರುವ ಜಾಗವನ್ನು ತಿಳಿಸುತ್ತದೆಯೇ ಹೊರತು ಅದರ ಕಾರ್ಯಕ್ಷಮತೆಯನ್ನಲ್ಲ.

ಹೆರಿಗೆಯಾದ ಮೇಲೆ ಮಾಸನ್ನು ಟ್ರೇಯಲ್ಲಿ ಹರಡಿ, ತಾಯಿಯ ಕಡೆಗಿದ್ದ ಮೈಯಲ್ಲಿನ ಹಾಲೆಗಳೆಲ್ಲ ಪೂರ್ತಿಯಾಗಿ ಬಂದಿವೆಯೇ ಎಂದು ಪರೀಕ್ಷಿಸುವುದು ಹೆರಿಗೆ ಕೊಠಡಿಯ ಕಡ್ಡಾಯ ಕೆಲಸ. ದಿನ ತುಂಬಿದ ಮಾಸು ಸುಮಾರು 500 ಗ್ರಾಂ ತೂಗುತ್ತದೆ; ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಮೀರಿದ ತಾಯಂದಿರಲ್ಲಿ ಅದು ಸಾಮಾನ್ಯವಾಗಿ ಇನ್ನೂ ಭಾರವಾಗಿರುತ್ತದೆ. ನೋಡಿದವರಿಗೆ ಚೆನ್ನಾಗಿ ಬೆಳೆದ ಮಾಸು ಅನ್ನಿಸುವುದು ಸಹಜ. ಆದರೆ ಮಗುವಿನ ತೂಕವನ್ನು ಮಾಸಿನ ತೂಕದಿಂದ ಭಾಗಿಸಿ ನೋಡಿದಾಗ ಬರುವ ಅನುಪಾತ ಇಂಥವರಲ್ಲಿ ಕಡಿಮೆಯಿರುತ್ತದೆ, ಅಂದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಮಾಸು ಬೇಕಾಗಿದೆ ಎಂದರ್ಥ.

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಮೊದಲು ಎದುರಾಗುವುದು ಉರಿಯೂತ. ಕೊಬ್ಬಿನ ಅಂಗಾಂಶವು ಶಕ್ತಿಯನ್ನು ಶೇಖರಿಸುವುದರ ಜೊತೆಗೆ ಹಾರ್ಮೋನುಗಳನ್ನೂ ಉರಿಯೂತದ ರಾಸಾಯನಿಕಗಳನ್ನೂ ಸ್ರವಿಸುತ್ತದೆ. ತಾಯಿಯ ರಕ್ತದಲ್ಲಿ ಲೆಪ್ಟಿನ್ ಮತ್ತು ಇನ್ಸುಲಿನ್ ಹಾರ್ಮೋನುಗಳು ಏರಿ, ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಇಳಿದಿರುವ ಈ ಸ್ಥಿತಿಯಲ್ಲಿ ಮಾಸಿನೊಳಗೂ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಹೆಚ್ಚಾಗಿ ಸೇರಿಕೊಳ್ಳುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಪೋಷಕಾಂಶಗಳ ಲಭ್ಯತೆಯನ್ನು ಗ್ರಹಿಸುವ ಎಂಟಾರ್ ಎಂಬ ಸಂಕೇತ ವ್ಯವಸ್ಥೆ ಚುರುಕುಗೊಂಡು, ಅಮೈನೋ ಆಮ್ಲಗಳನ್ನು ಮಗುವಿನತ್ತ ಸಾಗಿಸುವ ವಾಹಕಗಳು ಹೆಚ್ಚು ಕೆಲಸ ಮಾಡತೊಡಗುತ್ತವೆ. ಮಗು ಅತಿಯಾಗಿ ಬೆಳೆಯಲು ಇದೂ ಒಂದು ಕಾರಣ. ಇನ್ನೊಂದೆಡೆ ಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಕುಂದಿ, ದಹನವಾಗಬೇಕಾದ ಕೊಬ್ಬು ಮಾಸಿನ ಕೋಶಗಳಲ್ಲೇ ಶೇಖರವಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕಳವಳ ತರುವುದು ರಕ್ತನಾಳಗಳ ಸಂಗತಿ. ಗರ್ಭದ ಮೊದಲ ಅರ್ಧದಲ್ಲಿ, ಸುಮಾರು 20 ವಾರಗಳೊಳಗೆ, ಮಾಸಿನ ಕೋಶಗಳು ಗರ್ಭಕೋಶದ ಸುರುಳಿ ಅಪಧಮನಿಗಳ ಗೋಡೆಗೆ ಇಳಿದು, ಕಿರಿದಾದ ಆ ನಾಳಗಳನ್ನು ಅಗಲವಾಗಿ ಮಾರ್ಪಡಿಸುತ್ತವೆ. ಬೊಜ್ಜಿನ ವಾತಾವರಣದಲ್ಲಿ ಈ ಮಾರ್ಪಾಡು ಅರ್ಧಂಬರ್ಧವಾಗುವ ಅಪಾಯ ಹೆಚ್ಚು. ನಾಳ ಅಗಲವಾಗದಿದ್ದರೆ ರಕ್ತ ಮಾಸಿಗೆ ನಿಧಾನವಾಗಿ, ಧಾರಾಳವಾಗಿ ಹರಿಯುವ ಬದಲು ರಭಸದಿಂದ ಚಿಮ್ಮುತ್ತದೆ, ಮಾಸಿನ ಎಳೆಗಳಿಗೆ ಪೆಟ್ಟಾಗುತ್ತದೆ. ಗರ್ಭಿಣಿಯರಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಪ್ರಿಎಕ್ಲಾಂಪ್ಸಿಯಾದ ಬೇರು ಬಹಳಷ್ಟು ಸಲ ಇರುವುದು ಇಲ್ಲಿಯೇ.

ಆದ್ದರಿಂದಲೇ ಒಂದೇ ಬೊಜ್ಜು ಒಬ್ಬ ತಾಯಿಗೆ ಅತಿ ತೂಕದ ಮಗುವನ್ನೂ, ಇನ್ನೊಬ್ಬಳಿಗೆ ಬೆಳವಣಿಗೆ ಕುಂಠಿತವಾದ ಮಗುವನ್ನೂ ಕೊಡಬಹುದು. ನಿರ್ಜೀವ ಜನನದ ಸಾಧ್ಯತೆಯೂ ಇವರಲ್ಲಿ ಹೆಚ್ಚು. ಹೊಟ್ಟೆಯ ಎತ್ತರವನ್ನು ಟೇಪಿನಿಂದ ಅಳೆಯುವ ಕ್ರಮ ದಪ್ಪ ಹೊಟ್ಟೆಯ ಮೇಲೆ ನಂಬಲರ್ಹವಲ್ಲದ ಕಾರಣ, ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಮಾಡಿಸುವುದು ಲೇಸು. ಮಗುವಿನ ಚಲನೆ ಕಡಿಮೆಯಾದಂತೆ ಕಂಡರೆ ಮರುದಿನಕ್ಕೆಂದು ಕಾಯದೆ ಆಸ್ಪತ್ರೆಗೆ ಬರಬೇಕು.

ಇಷ್ಟು ಓದಿದ ಗರ್ಭಿಣಿಯೊಬ್ಬರು ಗಾಬರಿಯಿಂದ ಪಥ್ಯ ಹಿಡಿದು ತೂಕ ಇಳಿಸಲು ಹೊರಟರೆ ಅದು ತಪ್ಪು ದಾರಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಬೊಜ್ಜಿರುವವರೂ ಗರ್ಭಾವಧಿಯಲ್ಲಿ 5ರಿಂದ 9 ಕಿಲೋ ಏರಬೇಕು. ಪ್ರಿಎಕ್ಲಾಂಪ್ಸಿಯಾಕ್ಕೆ ಬೇರೆ ಅಪಾಯಕಾರಿ ಅಂಶಗಳೂ ಇದ್ದರೆ 16 ವಾರಕ್ಕೆ ಮೊದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುವ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಇದನ್ನು ಸ್ವಂತವಾಗಿ ನುಂಗಬಾರದು.

ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಗರ್ಭಿಣಿಯರಿಗೆ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟರೂ, ಗರ್ಭದ ಅವಧಿಗೆ ಹೋಲಿಸಿದರೆ ಅತಿ ದೊಡ್ಡ ಗಾತ್ರದ ಶಿಶುಗಳ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ. ಆ ಹೊತ್ತಿಗಾಗಲೇ ಮಾಸಿನ ಬುನಾದಿ ಬಹುಮಟ್ಟಿಗೆ ಬಿದ್ದಿರುತ್ತದೆ ಎಂಬುದು ಇದಕ್ಕೆ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಹೀಗಾಗಿ ತೂಕದ ಮಾತನ್ನು ಗರ್ಭ ನಿಲ್ಲುವುದಕ್ಕೆ ಮುಂಚೆಯೇ, ಮಹಿಳೆಯನ್ನು ದೂಷಿಸದೆ ಆಡಬೇಕು. ಪ್ರತಿ ಗರ್ಭಕ್ಕೂ ಹೊಸ ಮಾಸೇ ರೂಪುಗೊಳ್ಳುವುದರಿಂದ, ಮೊದಲ ಹೆರಿಗೆಯಲ್ಲಿ ತೊಂದರೆ ಕಂಡವರೂ ಮುಂದಿನ ಗರ್ಭಕ್ಕೆ ಮೊದಲು ತೂಕ ಇಳಿಸಿಕೊಂಡರೆ ಅಪಾಯವನ್ನು ತಗ್ಗಿಸಿಕೊಳ್ಳಬಹುದು.